ಹಂಗೇರಿಯ ಹಳ್ಳಿ ಲಾಂಛನದಲ್ಲಿ ಆ ಎಲೆಯಂಥದ್ದು ಏನು?

ಪ್ರಶ್ನೆ
ಬುಡಾಪೆಸ್ಟ್‌ನಿಂದ ಹೊಲ್ಲೋಕೋಗೆ ಬಸ್ಸಿನಲ್ಲಿ ಹೋಗುವಾಗ ನೋಗ್ರಾದ್ ಜಿಲ್ಲೆಯ ಒಂದು ಪುಟ್ಟ ಹಳ್ಳಿಯ ಬೋರ್ಡಿನ ಪಕ್ಕ ಗುರಾಣಿ ಆಕಾರದ ಲಾಂಛನ ಕಂಡಿತು. ನೀಲಿ ಬಣ್ಣ, ನಡುವೆ ತಲೆಕೆಳಗಾದ ಬಿಳಿ ಎಲೆ, ಪಕ್ಕದಲ್ಲಿ ಉದ್ದನೆ ಕತ್ತಿ. ಕತ್ತಿ ಇದೆ ಅಂದಮೇಲೆ ಯಾವನೋ ಸರದಾರನದ್ದಿರಬೇಕು ಅಂದುಕೊಂಡೆ. ಆದರೆ ಊರು ನೋಡಿದರೆ ಒಂದೇ ಬೀದಿ! ಇಲ್ಲಿಗೆ ಸರದಾರ ಎಲ್ಲಿಂದ ಬಂದ?

ಉತ್ತರ 1
ಸರದಾರನೂ ಇಲ್ಲ, ಎಲೆಯೂ ಇಲ್ಲ. ಅದು ನೇಗಿಲಿನ ಗುಳ. ಕತ್ತಿ ಅಂದಿದ್ದು ಗುಳದ ಮುಂದೆ ನೆಲ ಸೀಳುವ ಅಲಗು, ಹಂಗೇರಿಯನ್ನರು ಚೊರೊಸ್ಯ ಅಂತಾರೆ. ಹಂಗೇರಿಯ ಹಳ್ಳಿ ಲಾಂಛನಗಳಲ್ಲಿ ಈ ಜೋಡಿ ಎಷ್ಟು ಜಾಸ್ತಿ ಅಂದರೆ, ನೋಡಿ ನೋಡಿ ಬೇಜಾರಾಗುತ್ತದೆ.

ಇದರ ಬೇರು ಊರಿನ ಮುದ್ರೆಯಲ್ಲಿದೆ. 1767ರಲ್ಲಿ ರಾಣಿ ಮರಿಯಾ ತೆರೇಸಾ ಕಾಲದಲ್ಲಿ ರೈತರಿಗೆ ಒಂಬತ್ತು ಪ್ರಶ್ನೆ ಕೇಳಿ, ಜಮೀನ್ದಾರರಿಗೆ ಏನೇನು ಕೊಡಬೇಕು ಅಂತ ಬರೆಸಿಕೊಂಡರು. ಓದು ಬಾರದವರು ಹೆಸರಿನ ಮುಂದೆ ಶಿಲುಬೆ ಗೀಚಿದರು. ಊರಿನ ಪರವಾಗಿ ಒತ್ತಲು ಮುದ್ರೆ ಬೇಕಿತ್ತು. ರೈತರ ಊರು, ಗುಳ ಕೆತ್ತಿಸದೆ ಇನ್ನೇನು ಕೆತ್ತಿಸುತ್ತಾರೆ? ದ್ರಾಕ್ಷಿ ಬೆಳೆಯುವವರು ಗೊಂಚಲು ಹಾಕಿಸಿಕೊಂಡರು.

ಬಣ್ಣದ ಗುರಾಣಿ ಮಾತ್ರ ಬಹುಪಾಲು ಊರುಗಳಿಗೆ ಹೊಸದು. 1990ರಲ್ಲಿ ಸ್ಥಳೀಯ ಆಡಳಿತದ ಕಾನೂನು ಬಂದ ಮೇಲೆ ಹಳೇ ಮುದ್ರೆ ಹುಡುಕಿ ತೆಗೆದು ಬಣ್ಣ ತುಂಬಿಸಿದರು. ಲಾಂಛನದಲ್ಲಿ ಬಿಳಿ ಅಂದರೆ ಬೆಳ್ಳಿ, ಹಳದಿ ಅಂದರೆ ಚಿನ್ನ. ನಿಮ್ಮ ಗುಳವೂ ಬೆಳ್ಳಿಯದ್ದೇ ಆಯ್ತು!

ಉತ್ತರ 2
ಸರದಾರ ಬೇಕೇ ಬೇಕು ಅಂದರೆ ನೀವು ಹೋದ ಹೊಲ್ಲೋಕೋದಲ್ಲೇ ಇದ್ದಾನೆ. ಹೊಲ್ಲೋ ಅಂದರೆ ಕಾಡುಕಾಗೆ, ಕೋ ಅಂದರೆ ಕಲ್ಲು. ಕಚಿಚ್ ಮನೆತನದ ಒಬ್ಬ ಪಕ್ಕದ ದೊರೆಯ ಹೆಂಡತಿಯನ್ನು ಹೊತ್ತು ತಂದನಂತೆ. ಅವಳ ಆಯಾ ಮಾಟಗಾತಿ. ಅವಳು ಸೈತಾನನಿಗೆ ಹೇಳಿ, ಕಾಗೆಗಳು ಅವನ ಕೋಟೆಯ ಕಲ್ಲುಗಳನ್ನು ಒಂದೊಂದಾಗಿ ಎತ್ತಿಕೊಂಡು ಹೋಗಿ ಹೊಲ್ಲೋಕೋ ಕೋಟೆ ಕಟ್ಟಿದವಂತೆ! ನಿಜದಲ್ಲಿ ಅದು 1241ರ ಮಂಗೋಲ್ ದಾಳಿಯ ನಂತರ ಕಟ್ಟಿದ ಕೋಟೆ. ಕೆಳಗಿನ ಊರು 1909ರ ಬೆಂಕಿಯಲ್ಲಿ ಸುಟ್ಟಿತು. ಹಳೇ ರೀತಿಯಲ್ಲೇ ಮತ್ತೆ ಕಟ್ಟಿದರು. 1987ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು.

ಪ್ರಶ್ನೆ ಕೇಳಿದವರು
ಫೋಟೋ ದೊಡ್ಡದು ಮಾಡಿ ನೋಡಿದೆ. ಎಲೆಯ ತೊಟ್ಟು ಅಂದುಕೊಂಡಿದ್ದು, ಮರಕ್ಕೆ ಸಿಕ್ಕಿಸಲು ಎರಡೂ ಕಡೆ ಮಡಚಿದ ಕಬ್ಬಿಣ. ಗುಳವೇ. ನಾನು ಸುಮ್ನೆ ಯುದ್ಧ ಹುಡುಕುತ್ತಿದ್ದೆ.