ಪದಚರ್ಚೆ: ಅಮೆರಿಕದ ‘ಸೆಕ್ರೆಟರಿ’ ಸಚಿವರೋ, ಕಾರ್ಯದರ್ಶಿಯೋ?

ಪ್ರಶ್ನೆ, ದಾವಣಗೆರೆಯಿಂದ:
ಪದವಿ ತರಗತಿಯ ರಾಜ್ಯಶಾಸ್ತ್ರದ ಪಾಠ ಕನ್ನಡಕ್ಕೆ ಬರುತ್ತಿದೆ. ‘ಸೆಕ್ರೆಟರಿ ಆಫ್ ಸ್ಟೇಟ್’ ಎಂಬಲ್ಲಿ ‘ರಾಜ್ಯ ಕಾರ್ಯದರ್ಶಿ’ ಎಂದಿದೆ. ಸರಿಯೇ? ‘ಕ್ಯಾಬಿನೆಟ್’ಗೆ ‘ಸಚಿವ ಸಂಪುಟ’ ನಡೆಯುತ್ತದೆಯೇ? ಬಲ್ಲವರು ತಿಳಿಸಿ.

ಉತ್ತರ, ಚಿತ್ರದುರ್ಗದಿಂದ:
‘ರಾಜ್ಯ ಕಾರ್ಯದರ್ಶಿ’ ಬೇಡವೇ ಬೇಡ ಸಾರ್, ಓದಿದವರು ಯಾವುದೋ ಪಕ್ಷದ ಪದಾಧಿಕಾರಿ ಅಂದುಕೊಳ್ಳುತ್ತಾರೆ. ‘ವಿದೇಶಾಂಗ ಕಾರ್ಯದರ್ಶಿ’ಯೂ ಹೊಂದದು, ದೆಹಲಿಯಲ್ಲಿ ಅದು ಅಧಿಕಾರಿಯ ಹುದ್ದೆ. ‘ವಿದೇಶಾಂಗ ಸಚಿವ’ ಎಂದೇ ಬರೆಯಿರಿ. ಹಿಂದಿಯಿಂದ ತರುವಾಗ ಮಾತ್ರ ಎಚ್ಚರ: ಅಲ್ಲಿ ‘ಸಚಿವ್’ ಎಂದರೆ ಕಾರ್ಯದರ್ಶಿ, ‘ಮಂತ್ರಿ’ ಎಂದರೆ ನಮ್ಮ ಸಚಿವ.

‘ಇಂಟೀರಿಯರ್’ ಇಲಾಖೆಯವರನ್ನು ಗೃಹ ಸಚಿವ ಮಾಡಬೇಡಿ. ಅವರ ಕೈಲಿರುವುದು ಕಾನೂನು ಸುವ್ಯವಸ್ಥೆಯಲ್ಲ. ಒಕ್ಕೂಟ ಸರ್ಕಾರದ ಜಮೀನು, ರಾಷ್ಟ್ರೀಯ ಉದ್ಯಾನ, ಮೂಲನಿವಾಸಿಗಳ ವ್ಯವಹಾರ. ಅಲ್ಲಿನ ಅಟಾರ್ನಿ ಜನರಲ್ ನ್ಯಾಯ ಇಲಾಖೆಯ ಮುಖ್ಯಸ್ಥ, ಸಂಪುಟದ ಸದಸ್ಯ. ನಮ್ಮವರು ಮಂತ್ರಿಯಲ್ಲ, ಸರ್ಕಾರದ ವಕೀಲರು.

‘ಸಂಪುಟ’ ಇರಲಿ. ಕರಡಿಗೆ ಎಂಬ ಅರ್ಥವುಳ್ಳ ಪದ, ‘ಕ್ಯಾಬಿನೆಟ್’ಗೂ ಪೆಟ್ಟಿಗೆಯ ನಂಟಿದೆ. ಎಡವಟ್ಟಾಗುವುದು ಕ್ರಿಯಾಪದದಲ್ಲಿ. ‘ಸಂಪುಟ ಅನುಮೋದಿಸಿತು’ ಎಂಬುದು ಬೆಂಗಳೂರು, ದೆಹಲಿಗೆ ಸಲ್ಲುವ ಮಾತು. ನಮ್ಮ 74ನೇ ವಿಧಿಯಂತೆ ರಾಷ್ಟ್ರಪತಿ ಮಂತ್ರಿಮಂಡಲದ ಸಲಹೆಗೆ ಬದ್ಧರು. 1976ರ 42ನೇ ತಿದ್ದುಪಡಿ ಅದನ್ನು ಬಿಡಿಸಿ ಹೇಳಿತು, 1978ರ 44ನೆಯದು ಒಮ್ಮೆ ಮರುಪರಿಶೀಲನೆಗೆ ಕಳಿಸಲು ಅವಕಾಶ ಕೊಟ್ಟಿತು. ಅಮೆರಿಕದ ಸಂವಿಧಾನ ಹೇಳುವುದು ಇಷ್ಟೇ: ಇಲಾಖಾ ಮುಖ್ಯಸ್ಥರಿಂದ ಅಧ್ಯಕ್ಷರು ಲಿಖಿತ ಅಭಿಪ್ರಾಯ ಕೇಳಬಹುದು. ಅದಕ್ಕೆ ಕಟ್ಟುಬೀಳಬೇಕೆಂದಿಲ್ಲ. ನೇಮಕಕ್ಕೆ ಅಲ್ಲಿನ ಮೇಲ್ಮನೆಯಾದ ಸೆನೆಟ್‌ನ ಒಪ್ಪಿಗೆ ಬೇಕು, ತೆಗೆಯಲು ಬೇಕಿಲ್ಲ. ಸಚಿವರಾದವರು ಕಾಂಗ್ರೆಸ್ (ಅಲ್ಲಿನ ಸಂಸತ್ತು) ಸದಸ್ಯರಾಗಿರುವಂತಿಲ್ಲ. ಹಾಗಾಗಿ ‘ಸಾಮೂಹಿಕ ಹೊಣೆ’ (ಸಂಪುಟ ಒಟ್ಟಾಗಿ ಸದನಕ್ಕೆ ಉತ್ತರಿಸುವುದು) ಎಂಬ ಮಾತಿಗೂ ಅಲ್ಲಿ ಜಾಗವಿಲ್ಲ. ‘ಸಂಪುಟದ ಅಭಿಪ್ರಾಯ ಕೇಳಿ ಅಧ್ಯಕ್ಷರು ತೀರ್ಮಾನಿಸಿದರು’ ಎಂದು ಬರೆದರೆ ತಪ್ಪಾಗದು. (‘ರಾಷ್ಟ್ರಪತಿ’ಯನ್ನು ನಮ್ಮವರಿಗೇ ಬಿಡಿ.)

ನಮ್ಮ ಚಿತ್ರದುರ್ಗದ ಇತಿಹಾಸದಲ್ಲಿ ಮುದ್ದಣ್ಣನೆಂಬ ದಳವಾಯಿ (ಸೇನಾಪತಿ) ಆಳುತ್ತಿದ್ದ ನಾಯಕರನ್ನೇ ಗದ್ದುಗೆಯಿಂದ ಇಳಿಸಿದವನು. ಅಮೆರಿಕದ ಸಚಿವರಿಗೆ ಅಂಥ ಬಲವಿಲ್ಲ. ಅದಕ್ಕೆ ತುಸು ಹತ್ತಿರ ಬರುವುದು 1967ರ 25ನೇ ತಿದ್ದುಪಡಿ: ಉಪಾಧ್ಯಕ್ಷರ ಜೊತೆ 15 ಇಲಾಖಾ ಮುಖ್ಯಸ್ಥರಲ್ಲಿ 8 ಮಂದಿ ಸೇರಿ, ಅಧ್ಯಕ್ಷರು ಕೆಲಸ ನಿರ್ವಹಿಸಲು ಅಸಮರ್ಥರೆಂದು ಬರೆದುಕೊಡಬಹುದು. ಅಧ್ಯಕ್ಷರು ಒಪ್ಪದಿದ್ದರೆ ಇವರು 4 ದಿನದೊಳಗೆ ಮತ್ತೆ ಬರೆದುಕೊಡಬೇಕು, ಆಮೇಲೆ ಎರಡೂ ಸದನಗಳಲ್ಲಿ ಮೂರನೇ ಎರಡರಷ್ಟು ಮತ ಬೀಳಬೇಕು. ಇಲ್ಲಿ ‘ವಜಾ’, ‘ಪದಚ್ಯುತಿ’ ಎರಡೂ ತಪ್ಪು. ಹುದ್ದೆ ಅವರದಾಗಿಯೇ ಉಳಿಯುತ್ತದೆ, ಅಧಿಕಾರವಷ್ಟೇ ಉಪಾಧ್ಯಕ್ಷರ ಕೈಗೆ ಹೋಗುತ್ತದೆ. ಆಗ ಉಪಾಧ್ಯಕ್ಷರಿಗೆ ಹೊಂದುವ ಪದ ‘ಹಂಗಾಮಿ ಅಧ್ಯಕ್ಷ’.