ಡಿ.ಆರ್.ಐ. ಬ್ಯಾಂಡಿನ ಕಥೆ 1995ಕ್ಕೇ ಮುಗಿಯಿತೇ?

ತಂತಿಮೀಟು: ಟೆಕ್ಸಾಸ್ ರಾಜ್ಯದ ಹ್ಯೂಸ್ಟನ್‌ನಲ್ಲಿ 1982ರಲ್ಲಿ ಹುಟ್ಟಿದ ಡಿ.ಆರ್.ಐ., ಅಂದರೆ ಡರ್ಟಿ ರಾಟನ್ ಇಂಬೆಸಿಲ್ಸ್ (ಕೊಳಕು, ಕೊಳೆತ ಪೆದ್ದರು) ಎಂಬ ಪಂಕ್ ರಾಕ್ ಬ್ಯಾಂಡು, ನಾಲ್ಕು ದಶಕ ದಾಟಿಯೂ ವೇದಿಕೆ ಏರುತ್ತಿರುವುದನ್ನು ಅನೇಕರು ದೊಡ್ಡ ಸಾಧನೆಯೆಂದು ಹೊಗಳುತ್ತಾರೆ. ಆದರೆ 1995ರ ‘ಫುಲ್ ಸ್ಪೀಡ್ ಅಹೆಡ್’ ಆದ ಮೇಲೆ ಅವರಿಂದ ಪೂರ್ಣ ಪ್ರಮಾಣದ ಆಲ್ಬಮ್ ಒಂದೂ ಬಂದಿಲ್ಲ. 2016ರಲ್ಲಿ ಬಂದದ್ದೂ ಒಂದು ಇ.ಪಿ., ಅಂದರೆ ಆಲ್ಬಮ್ಮಿಗಿಂತ ಚಿಕ್ಕ ಮುದ್ರಿಕೆ, ಅಷ್ಟೆ. ಹಳೆಯ ಹಾಡುಗಳನ್ನೇ ಹೊತ್ತು ಊರೂರು ಸುತ್ತುವುದನ್ನು ಕಲಾಜೀವನ ಎನ್ನಬೇಕೇ, ಹೊಟ್ಟೆಪಾಡು ಎನ್ನಬೇಕೇ?

ಹಳೇಕ್ಯಾಸೆಟ್: ಹೊಟ್ಟೆಪಾಡಿನ ಮಾತು ಬಂದದ್ದರಿಂದ ಹೇಳುತ್ತೇನೆ. ಇವರು 1983ರಲ್ಲಿ ಹ್ಯೂಸ್ಟನ್ ಬಿಟ್ಟು ಸ್ಯಾನ್ ಫ್ರಾನ್ಸಿಸ್ಕೊ ಸೇರಿದಾಗ ವ್ಯಾನಿನಲ್ಲೇ ಮಲಗಿ, ಬಡವರಿಗೆಂದು ನಡೆಸುವ ಉಚಿತ ಊಟದ ಮನೆಗಳಲ್ಲಿ ಉಂಡು ಕಾಲ ಕಳೆದವರು. ಮನೆಯಲ್ಲಿ ಅಭ್ಯಾಸದ ಗಲಾಟೆ ತಾಳಲಾರದೆ ಗಾಯಕ ಕರ್ಟ್ ಬ್ರೆಕ್ಟ್ ಅವರ ತಂದೆ ಬೈದ ಬೈಗುಳವೇ ಬ್ಯಾಂಡಿನ ಹೆಸರಾಯಿತು. ಮೊದಲ ಇ.ಪಿ.ಯನ್ನೇ ನೋಡಿ: 7 ಇಂಚಿನ ಒಂದು ರೆಕಾರ್ಡು ತಟ್ಟೆಯಲ್ಲಿ 22 ಹಾಡು. ಅಷ್ಟನ್ನು ತುರುಕಿದರೆ ಗೆರೆಗಳು ಒತ್ತೊತ್ತಾಗಿ ಶಬ್ದ ತಗ್ಗುತ್ತದೆ ಎಂಬುದು ರೆಕಾರ್ಡು ಬಲ್ಲವರಿಗೆಲ್ಲ ಗೊತ್ತು. ಅವೇ ಹಾಡುಗಳು ಮುಂದೆ 12 ಇಂಚಿನ ತಟ್ಟೆಯಲ್ಲಿ ಬಂದವು.

ಮೊದಲಪಂಕ್: ನನ್ನ ಆಕ್ಷೇಪ ಇಬ್ಬರಿಗೂ ಸಲ್ಲುತ್ತದೆ. ಬ್ಯಾಂಡು ಮುಗಿದದ್ದು 1995ರಲ್ಲಲ್ಲ, 1987ರಲ್ಲಿ. 1985ರ ‘ಡೀಲಿಂಗ್ ವಿತ್ ಇಟ್’ ಆಲ್ಬಮ್ಮಿನಲ್ಲಿ 25 ಹಾಡುಗಳಿದ್ದರೆ 1987ರ ‘ಕ್ರಾಸ್‌ಓವರ್’ ಆಲ್ಬಮ್ ಬರುವ ವೇಳೆಗೆ ಅವು 12ಕ್ಕೆ ಇಳಿದವು. ಹಾಡುಗಳು ಉದ್ದವಾದಷ್ಟೂ ಕೋಪ ತೆಳುವಾಯಿತು. ಚುಟುಕಾದ, ಬಿರುಸಿನ ಹಾರ್ಡ್‌ಕೋರ್ ಪಂಕ್‌ನ ಮಕ್ಕಳು ಭಾರದ ಗಿಟಾರ್ ಸಂಗೀತವಾದ ಮೆಟಲ್‌ನ ಅಂಗಳಕ್ಕೆ ನಡೆದುಬಿಟ್ಟರು.

ಹಳೇಕ್ಯಾಸೆಟ್: ಲೆಕ್ಕ ಸರಿಯಿದೆ, ತೀರ್ಪು ಸರಿಯಿಲ್ಲ. ‘ಕ್ರಾಸ್‌ಓವರ್’ನ ‘ಫೈವ್ ಇಯರ್ ಪ್ಲಾನ್’ ಹಾಡನ್ನು ಇನ್ನೊಮ್ಮೆ ಕೇಳಿ. ಗಿಟಾರಿನ ಸ್ಪೈಕ್ ಕ್ಯಾಸಿಡಿ ಅವರ ರಿಫ್‌ಗೆ, ಅಂದರೆ ಮರುಕಳಿಸುವ ಗಿಟಾರ್ ನುಡಿಗೆ, ಅಲ್ಲಿ ಸಿಕ್ಕ ಜಾಗ ಹಿಂದಿನ ಅರೆನಿಮಿಷದ ಹಾಡುಗಳಲ್ಲಿ ಸಿಗುವಂತೆಯೇ ಇರಲಿಲ್ಲ, ಹಾಗೆಂದು ಕರ್ಟ್ ಅವರ ಬಿರುಸು ಕುಗ್ಗಿಯೂ ಇಲ್ಲ. ಕೂದಲು ಕತ್ತರಿಸಿದ ಪಂಕ್‌ಗಳೂ ಉದ್ದ ಕೂದಲಿನ ಮೆಟಲ್ ಅಭಿಮಾನಿಗಳೂ ಕಾರ್ಯಕ್ರಮಗಳಲ್ಲಿ ಹೊಡೆದಾಡಿಕೊಳ್ಳುತ್ತಿದ್ದ ದಿನಗಳಲ್ಲಿ ಇಬ್ಬರನ್ನೂ ಒಂದೇ ಸೂರಿನಡಿ ಕರೆತಂದ ಸಂಗೀತಕ್ಕೆ ಕೊನೆಗೆ ಅಂಟಿಕೊಂಡದ್ದು ಆ ಆಲ್ಬಮ್ಮಿನ ಹೆಸರೇ.

ಗಾಂಧಿಬಜಾರಿಗ: ಹೆಸರು ಕೊಟ್ಟವರು ಇವರು, ಒಪ್ಪಿದೆ. ಆದರೆ ದಾರಿ ತೋರಿದವರು ಇವರೊಬ್ಬರೇ ಎಂಬಂತೆ ಬರೆಯಬೇಡಿ. ಸೂಸೈಡಲ್ ಟೆಂಡೆನ್ಸೀಸ್ ಬ್ಯಾಂಡಿನ ಮೊದಲ ಆಲ್ಬಮ್ 1983ರದು, ಕರೋಷನ್ ಆಫ್ ಕನ್‌ಫಾರ್ಮಿಟಿ ಬ್ಯಾಂಡಿನ ‘ಅನಿಮಾಸಿಟಿ’ ಆಲ್ಬಮ್ 1985ರದು.

ತಂತಿಮೀಟು: ಚರ್ಚೆ 1987ಕ್ಕೆ ಜಾರಿತು. ನನ್ನ ಪ್ರಶ್ನೆ ಇದ್ದದ್ದು 1995ರ ಅನಂತರದ ಇಪ್ಪತ್ತು–ಮೂವತ್ತು ವರ್ಷಗಳ ಬಗ್ಗೆ.

ಹಳೇಕ್ಯಾಸೆಟ್: ಅಲ್ಲಿಗೇ ಬರುತ್ತೇನೆ. 2006ರಲ್ಲಿ ಸ್ಪೈಕ್ ಅವರಿಗೆ ಕರುಳಿನ ಕ್ಯಾನ್ಸರ್ ಇರುವುದು ಪತ್ತೆಯಾಗಿ ಬ್ಯಾಂಡಿನ ಓಡಾಟವೇ ನಿಂತಿತ್ತು. ಚಿಕಿತ್ಸೆ ಮುಗಿಸಿ ಅವರು ಮರಳಿದ್ದು ಅದೇ ವೇದಿಕೆಗೆ. ಡ್ರಮ್ಮಿನವರೂ ಬಾಸ್‌ನವರೂ ಎಷ್ಟೋ ಸಲ ಬದಲಾದರು; ಕರ್ಟ್ ಮತ್ತು ಸ್ಪೈಕ್ ಮಾತ್ರ ಉಳಿದರು. ಒಂದೊಂದು ನಿಮಿಷದ ಹಾಡುಗಳನ್ನು ಅದೇ ವೇಗದಲ್ಲಿ ರಾತ್ರಿಯಿಂದ ರಾತ್ರಿಗೆ ನುಡಿಸುವುದು ಅರವತ್ತರ ಆಸುಪಾಸಿನ ಮೈಗೆ ಹೊಸ ಆಲ್ಬಮ್ಮಿಗಿಂತ ಹಗುರವಾದ ಕೆಲಸವೆಂದು ನಿಮಗೆ ತೋರುವುದಾದರೆ ನಾನು ವಾದ ಬೆಳೆಸುವುದಿಲ್ಲ.

ಮೊದಲಪಂಕ್: ಇವರ ‘ವಯಲೆಂಟ್ ಪ್ಯಾಸಿಫಿಕೇಷನ್’ ಹಾಡನ್ನು 1996ರಲ್ಲಿ ಸ್ಲೇಯರ್ ಬ್ಯಾಂಡು ತನ್ನ ಆಲ್ಬಮ್ಮಿನಲ್ಲಿ ಹಾಡಿತು ಎಂಬುದನ್ನೂ ಸೇರಿಸಿಕೊಳ್ಳಿ. ಗಮನಿಸಿ, ಅದು 1984ರ ಹಾಡು. ಮೆಟಲ್‌ನವರು ಆರಿಸಿಕೊಂಡದ್ದೂ ನನ್ನ ಕಾಲದ್ದನ್ನೇ!

ತಂತಿಮೀಟು: ವೇದಿಕೆಯ ಶ್ರಮವನ್ನು ನಾನು ಹಗುರವಾಗಿ ಕಂಡೆನೆಂದು ಒಪ್ಪುತ್ತೇನೆ, ‘ಹೊಟ್ಟೆಪಾಡು’ ಎಂಬ ಮಾತನ್ನು ಹಿಂದಕ್ಕೆ ಪಡೆಯುತ್ತೇನೆ. ಆಲ್ಬಮ್ಮಿನ ದೂರು ಮಾತ್ರ ಹಾಗೆಯೇ ಇರಲಿ.