ಸಹಾಯ ಬೇಕು: ಅಯಾನಿಕ್ ಆ್ಯಪ್‌ನ ಫೋಲ್ಡರ್ ಜೋಡಣೆ

ಎಲ್ಲರಿಗೂ ನಮಸ್ಕಾರ. ನಾನು ಸೋಮವಾರಪೇಟೆ ಕಡೆಯವನು. ನಮ್ಮಲ್ಲಿ ಕಾಫಿ ಬೆಳೆಗಾರರು ದಿನದ ಮಳೆಯನ್ನು ಇಂಚಿನಲ್ಲಿ ಬರೆದಿಡುತ್ತಾರೆ. ಅಪ್ಪನ ಹಳೆಯ ಡೈರಿಗಳು ಗೆದ್ದಲು ಹಿಡಿಯುವ ಮೊದಲು, ಮಳೆ ಲೆಕ್ಕಕ್ಕೂ ಕಾಫಿ ಕುಯ್ಲಿನ ಕೂಲಿ ಲೆಕ್ಕಕ್ಕೂ ಒಂದು ಆ್ಯಪ್ ಮಾಡುತ್ತಿದ್ದೇನೆ. ವೆಬ್ ತಂತ್ರಜ್ಞಾನದಲ್ಲಿ ಆ್ಯಪ್ ಕಟ್ಟುವ ಅಯಾನಿಕ್ ಮತ್ತು ಆಂಗ್ಯುಲರ್, ಅದನ್ನು ಆಂಡ್ರಾಯ್ಡ್ ಆ್ಯಪ್ ಆಗಿಸುವ ಕೆಪ್ಯಾಸಿಟರ್ ಬಳಸಿದ್ದೇನೆ.

ಹೋದ ವಾರ ಆಂಡ್ರಾಯ್ಡ್ ಫೋಲ್ಡರ್ ಒಳಗಿನ 'ಅಸೆಟ್ಸ್/ಪಬ್ಲಿಕ್'ನಲ್ಲೇ ಫೈಲ್ ತಿದ್ದಿದೆ. ಸಿಂಕ್ (ತಯಾರಾದ ಫೈಲುಗಳನ್ನು ಆಂಡ್ರಾಯ್ಡ್ ಫೋಲ್ಡರಿಗೆ ನಕಲಿಸುವ ಆದೇಶ) ಕೊಟ್ಟ ಕೂಡಲೇ ಎಲ್ಲಾ ಅಳಿಸಿಹೋಯಿತು. ಎರಡು ರಾತ್ರಿಯ ಕೆಲಸ, ತುಂಬಾ ಬೇಜಾರಾಯಿತು. ನಾವು ಕೋಡ್ ಬರೆಯುವುದು 'ಎಸ್ಆರ್‌ಸಿ' (src) ಫೋಲ್ಡರಿನಲ್ಲಿ, ಬಿಲ್ಡ್ ಆದದ್ದು (ಆ ಕೋಡಿನಿಂದ ತಯಾರಾದ ಫೈಲುಗಳು) 'ಡಬ್ಲ್ಯುಡಬ್ಲ್ಯುಡಬ್ಲ್ಯು' (www) ಫೋಲ್ಡರಿಗೆ, ಅಲ್ಲಿಂದ ಆಂಡ್ರಾಯ್ಡ್‌ಗೆ ನಕಲು ಅಂತ ಆಮೇಲೆ ಗೊತ್ತಾಯಿತು. ಹೊಸಬರು ದಯವಿಟ್ಟು ಇದನ್ನು ನೆನಪಿಡಿ.

ಈಗ 'ಎಸ್ಆರ್‌ಸಿ/ಆ್ಯಪ್' ಒಳಗೆ ಪೇಜಸ್ (ಪರದೆಗಳು), ಸರ್ವಿಸಸ್ (ಡೇಟಾ ನೋಡಿಕೊಳ್ಳುವ ಕೋಡ್), ಕಾಂಪೊನೆಂಟ್ಸ್ (ಪರದೆಯ ಬಿಡಿಭಾಗಗಳು) ಅಂತ ಮೂರು ಫೋಲ್ಡರ್ ಇವೆ. ಮಳೆಯ ಒಂದು ಪರದೆ ತಿದ್ದಲು ಮೂರರಲ್ಲೂ ಹುಡುಕಬೇಕು. ಇದರ ಬದಲು 'ಮಳೆ', 'ಕೂಲಿ' ಅಂತ ವಿಷಯಕ್ಕೊಂದು ಫೋಲ್ಡರ್ ಮಾಡಿದರೆ ಒಳ್ಳೆಯದು ಅಲ್ವಾ? ನನಗೆ ಹಾಗೇ ಅನಿಸುತ್ತದೆ. ಆದರೆ ತಾರೀಖು ಆರಿಸುವ ಭಾಗ ಎರಡಕ್ಕೂ ಬೇಕು. ಡೇಟಾಬೇಸ್ ಸರ್ವಿಸ್ ಕೂಡ ಒಂದೇ. ಇವನ್ನು ಎಲ್ಲಿಡುತ್ತೀರಿ?

ಇನ್ನೊಂದು. ಐಕಾನ್, ಮ್ಯಾನಿಫೆಸ್ಟ್ (ಆ್ಯಪ್‌ನ ಅನುಮತಿ ಇತ್ಯಾದಿ ವಿವರದ ಫೈಲ್) ಎಲ್ಲಾ ಕೈಯಾರೆ ಬದಲಿಸಿದ್ದೇನೆ, ಹಾಗಾಗಿ ಆಂಡ್ರಾಯ್ಡ್ ಫೋಲ್ಡರನ್ನೂ ಗಿಟ್‌ಗೆ (ಕೋಡಿನ ಬದಲಾವಣೆಗಳನ್ನು ದಾಖಲಿಸಿಡುವ ವ್ಯವಸ್ಥೆ) ಹಾಕುತ್ತಿದ್ದೇನೆ. ನೋಡ್ ಮಾಡ್ಯೂಲ್ಸ್ (ಡೌನ್‌ಲೋಡ್ ಆದ ಲೈಬ್ರರಿಗಳ ಫೋಲ್ಡರ್) ಮಾತ್ರ ಹಾಕದೆ ಬಿಟ್ಟಿದ್ದೇನೆ. ಬೇರೆ ಏನೇನು ಬಿಡಬಹುದು? ಮಳೆ ಜೋರಾದರೆ ಇಲ್ಲಿ ನೆಟ್‌ವರ್ಕ್ ಸಿಗುವುದೇ ಕಷ್ಟ, ಅಪ್‌ಲೋಡ್ ಆದಷ್ಟು ಚಿಕ್ಕದಿರಬೇಕು.

ಯಾರಾದರೂ ತಮ್ಮ ಪ್ರಾಜೆಕ್ಟಿನ ಫೋಲ್ಡರ್ ಪಟ್ಟಿಯ ಫೋಟೋ ಹಾಕಿದರೂ ಸಾಕು.